ದಾಳ ಹಳೆಯದು, ರಂಗಸ್ಥಳ ಹೊಸದು

ಆಡುವವರು ಒಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರದ ಬಲ, ಬುದ್ಧಿ, ಚುರುಕುತನಗಳನ್ನು ಅಂಕಿಗಳಲ್ಲಿ ಇಟ್ಟುಕೊಂಡು, ಕಥೆ ಮುಂದುವರಿದಂತೆ ಅವನ್ನು ಬೆಳೆಸುತ್ತ ಹೋಗುವ ವಿಡಿಯೊ ಗೇಮ್‌ಗೆ ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ ಎಂದು ಹೆಸರು. ಕತ್ತಿ, ಮಂತ್ರ, ರಾಕ್ಷಸರು, ಪಾಳುಬಿದ್ದ ಕೋಟೆಗಳು ತುಂಬಿದ ಕಲ್ಪಿತ ಲೋಕದಲ್ಲಿ ನಡೆಯುವುದು ಫ್ಯಾಂಟಸಿ ಆರ್‌ಪಿಜಿ. ಈ ಆಟಗಳ ಬೇರು ಐವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಹೊಸ ಆಟಗಳ ವೈಭವಕ್ಕೆ ಮಾರುಹೋದವರು ಇದ್ದಾರೆ. ಹಳೆಯ ಆಟಗಳ ಆಳ ಈಗಿನವುಗಳಲ್ಲಿ ಸಿಗುವುದಿಲ್ಲ ಎನ್ನುವವರೂ ಇದ್ದಾರೆ. ಚಿತ್ರದ ಹೊಳಪನ್ನು ಬದಿಗಿಟ್ಟು ನೋಡಿದರೆ ಎರಡರ ನಡುವಿನ ದೊಡ್ಡ ಅಂತರ ಕಾಣುವುದು ಕೆಲಸದ ಹಂಚಿಕೆಯಲ್ಲಿ: ಆಟದೊಳಗಿನ ಲೋಕವನ್ನು ಕಟ್ಟುವುದರಲ್ಲಿ ಯಂತ್ರದ ಪಾಲೆಷ್ಟು, ಆಡುವವರ ಪಾಲೆಷ್ಟು ಎಂಬಲ್ಲಿ.

ಕಂಪ್ಯೂಟರಿಗೂ ಮೊದಲು ಈ ಆಟ ಮೇಜಿನ ಮೇಲಿತ್ತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ನಾಲ್ಕೈದು ಮಂದಿ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್ ಆಗಿ ಕಥೆ ನಡೆಸುತ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರದ ಮಾತನ್ನು ಅಲ್ಲಿಯೇ ಹುಟ್ಟಿಸಿ ಆಡುತ್ತಾರೆ. ಕತ್ತಿಯ ಏಟು ತಗುಲಿತೇ, ಬೀಗ ತೆರೆಯಿತೇ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕನ್ನಡಿಗರಿಗೆ ಇದು ಅಪರಿಚಿತ ಕಲೆಯೇನೂ ಅಲ್ಲ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಕರ್ಣನಾಗಿ ಕೃಷ್ಣನಾಗಿ ವಾದ ಹೂಡುತ್ತಾರೆ. ಕಥೆಯ ಕೊನೆ ಎಲ್ಲರಿಗೂ ಗೊತ್ತು, ಆದರೆ ಆ ಕೊನೆಗೆ ಮುಟ್ಟುವ ದಾರಿ ಪ್ರತಿ ರಾತ್ರಿಯೂ ಬೇರೆ. ಮೇಜಿನ ಮೇಲಿನ ಆ ಅಮೆರಿಕನ್ ಆಟದಲ್ಲಿ ಕೊನೆಯೂ ಮುಕ್ತವಾಗಿರುತ್ತದೆ, ದಾಳವೊಂದು ಹೆಚ್ಚಿಗೆ ಸೇರುತ್ತದೆ. ಅಷ್ಟು ಬಿಟ್ಟರೆ ಎರಡೂ ಕೇಳುವುದು ಒಂದನ್ನೇ: ಕಣ್ಣಿಗೆ ಕಾಣದ್ದನ್ನು ಮಾತಿನಿಂದ ಕಟ್ಟುವ ಶಕ್ತಿ.

ಕಂಪ್ಯೂಟರ್ ಆರ್‌ಪಿಜಿಗಳ ಇತಿಹಾಸವೆಂದರೆ ಆ ಡಂಜನ್ ಮಾಸ್ಟರ್‌ನ ಜಾಗಕ್ಕೆ ಯಂತ್ರವನ್ನು ಕೂರಿಸುವ ಪ್ರಯತ್ನದ ಇತಿಹಾಸ. ಮೊದಮೊದಲ ಯಂತ್ರಗಳಿಗೆ ಆ ಪೀಠ ತೀರ ದೊಡ್ಡದಾಗಿತ್ತು. 1981ರಲ್ಲಿ ಆ್ಯಪಲ್ 2 ಕಂಪ್ಯೂಟರಿಗಾಗಿ ಬಂದ 'ವಿಝರ್ಡ್ರಿ'ಯನ್ನು ಬರೆದವರು ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಆ್ಯಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್. ಆ ಕಾಲದ ಫ್ಲಾಪಿಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು 140 ಕಿಲೋಬೈಟ್. ತೆರೆಯ ಮೇಲೆ ಕಾಣುವುದು ಗೆರೆಗಳಲ್ಲಿ ಎಳೆದ ನೆಲಮಾಳಿಗೆಯ ಓಣಿ, ಒಂದು ಮೂಲೆಯಲ್ಲಿ ರಾಕ್ಷಸನ ಚಿಕ್ಕ ಚಿತ್ರ, ಕೆಳಗೆ ಆರು ಪಾತ್ರಗಳ ಹೆಸರು ಮತ್ತು ಅಂಕಿ. ಆಟದೊಳಗೆ ಭೂಪಟವೇ ಇಲ್ಲ. ಚೌಕುಳಿ ಕಾಗದ ಹಿಡಿದು, ಒಂದು ಹೆಜ್ಜೆಗೆ ಒಂದು ಚೌಕದಂತೆ, ಆಡುವವರೇ ನಕ್ಷೆ ಬರೆದುಕೊಳ್ಳಬೇಕು. ನೆಲಮಾಳಿಗೆಯಲ್ಲಿ ಗುಟ್ಟಾಗಿ ದಿಕ್ಕು ತಿರುಗಿಸುವ, ಇನ್ನೊಂದೆಡೆಗೆ ಎಸೆಯುವ ಜಾಗಗಳೂ ಇದ್ದವು. ಅಂಥ ಕಡೆ ಕಾಗದದ ನಕ್ಷೆಯೇ ಸುಳ್ಳಾಗುತ್ತಿತ್ತು. ಪಾತ್ರ ಸತ್ತರೆ ಆ ಸಾವು ಕೂಡಲೇ ಫ್ಲಾಪಿಯ ಮೇಲೆ ದಾಖಲಾಗುತ್ತಿತ್ತು. ದೇವಾಲಯಕ್ಕೆ ಹೊನ್ನು ಕೊಟ್ಟು ಬದುಕಿಸಲು ನೋಡಬಹುದು. ವಿಧಿ ಕೈಕೊಟ್ಟರೆ ದೇಹ ಬೂದಿಯಾಗುತ್ತದೆ, ಮತ್ತೊಮ್ಮೆ ಸೋತರೆ ವಾರಗಟ್ಟಲೆ ಬೆಳೆಸಿದ ಪಾತ್ರ ಇಲ್ಲವಾಗುತ್ತದೆ.

ಯಂತ್ರಕ್ಕೆ ಜಾಗ ಸಾಲದ್ದನ್ನು ಕಾಗದ ತುಂಬಿಕೊಡುತ್ತಿತ್ತು. 1988ರ 'ಪೂಲ್ ಆಫ್ ರೇಡಿಯನ್ಸ್' ಆಟದ ಪೆಟ್ಟಿಗೆಯಲ್ಲಿ ಒಂದು ಪುಸ್ತಿಕೆ ಇರುತ್ತಿತ್ತು. ಕಥೆಯ ಮುಖ್ಯ ಘಟ್ಟ ಬಂದಾಗ ತೆರೆಯ ಮೇಲೆ ಪುಸ್ತಿಕೆಯ ಇಂತಿಷ್ಟನೆಯ ಬರಹ ಓದಿ ಎಂಬ ಸೂಚನೆ ಮಾತ್ರ ಬರುತ್ತಿತ್ತು. ಮೊದಲೇ ಓದಿ ಮುಗಿಸಿಬಿಡುವವರನ್ನು ದಾರಿತಪ್ಪಿಸಲೆಂದು ಸುಳ್ಳು ಬರಹಗಳನ್ನೂ ಅದರಲ್ಲಿ ಬೆರೆಸಿದ್ದರು. ಅರ್ಧ ಆಟ ತೆರೆಯ ಮೇಲೆ, ಅರ್ಧ ಆಟ ತೊಡೆಯ ಮೇಲೆ.

ಆ ಬಡತನದಲ್ಲಿಯೂ ಕೆಲವರು ಎಷ್ಟು ದೂರ ಯೋಚಿಸಿದ್ದರು ಎಂಬುದಕ್ಕೆ ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಹೊರತಂದ 'ಅಲ್ಟಿಮಾ 4' ಸಾಕ್ಷಿ. ಅದರ ಉಪಶೀರ್ಷಿಕೆಯಲ್ಲಿದ್ದುದು ಸಂಸ್ಕೃತದ 'ಅವತಾರ' ಶಬ್ದ. ಈ ಆಟದ ಕೊನೆಯಲ್ಲಿ ಕೊಲ್ಲಬೇಕಾದ ಖಳನಿಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ವಿನಯ ಮೊದಲಾದ ಎಂಟು ಗುಣಗಳನ್ನು ಬಾಳಿ ತೋರಿಸಿ ಅವತಾರಪುರುಷನಾಗುವುದೇ ಗುರಿ. ಗುಡಿಗಳಿಗೆ ಹೋಗಿ ಮಂತ್ರ ಜಪಿಸಬೇಕು. ಗಿಡಮೂಲಿಕೆ ಮಾರುವ ಕುರುಡಿಯೊಬ್ಬಳು ಬರುತ್ತಾಳೆ. ಹಣ ಎಣಿಸಿ ಕೊಡುವವರು ಆಡುವವರೇ. ಕಡಿಮೆ ಕೊಟ್ಟು ಬಂದರೆ ಆಟ ಬೈಯುವುದಿಲ್ಲ, ತಡೆಯುವುದೂ ಇಲ್ಲ. ಪ್ರಾಮಾಣಿಕತೆಯ ಲೆಕ್ಕದಲ್ಲಿ ಮಾತ್ರ ಅಂಕ ಇಳಿದಿರುತ್ತದೆ. ನಾಲ್ಕು ದಶಕಗಳ ನಂತರವೂ ನೈತಿಕ ಆಯ್ಕೆಯನ್ನು ಇಷ್ಟು ಮೌನವಾಗಿ, ಇಷ್ಟು ಚೊಕ್ಕವಾಗಿ ಒಡ್ಡಿದ ಆಟಗಳು ಹೆಚ್ಚಿಲ್ಲ. ಇದೇ 'ಅಲ್ಟಿಮಾ' ಮತ್ತು 'ವಿಝರ್ಡ್ರಿ'ಗಳನ್ನು ನೋಡಿ ಕಲಿತ ಜಪಾನಿನವರು 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್', 1987ರಲ್ಲಿ 'ಫೈನಲ್ ಫ್ಯಾಂಟಸಿ' ತಂದು, ಟಿವಿಗೆ ಜೋಡಿಸುವ ಪುಟ್ಟ ಯಂತ್ರಕ್ಕೆ ಈ ಪ್ರಕಾರವನ್ನು ಸರಳಗೊಳಿಸಿ ಇಳಿಸಿದರು.

ಹೊಸದನ್ನೂ ಹಳೆಯದನ್ನೂ ಒಂದೇ ವಂಶದೊಳಗೆ ಇಟ್ಟು ಹೋಲಿಸಲು 'ಬಾಲ್ಡರ್ಸ್ ಗೇಟ್'ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೊದಲ ಭಾಗ ಬಂದದ್ದು 1998ರ ಡಿಸೆಂಬರಿನಲ್ಲಿ, ಕೆನಡಾದ ಬಯೋವೇರ್ ಸಂಸ್ಥೆಯಿಂದ. ಆ ಸಂಸ್ಥೆಯನ್ನು ಕಟ್ಟಿದವರು ಓದಿನಿಂದ ವೈದ್ಯರಾಗಿದ್ದವರು. ಎರಡನೆಯ ಭಾಗ 2000ದಲ್ಲಿ ಬಂತು. ಮೂರನೆಯದು ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್‌ನಿಂದ 2023ರ ಆಗಸ್ಟ್ 3ರಂದು ಬಂದು, ಆ ವರ್ಷದ ಅತ್ಯುತ್ತಮ ಆಟವೆಂಬ 'ದಿ ಗೇಮ್ ಅವಾರ್ಡ್ಸ್' ಪ್ರಶಸ್ತಿ ಪಡೆಯಿತು. ಮೂರರ ಕೆಳಗೂ ಇರುವುದು ಅದೇ 1974ರ ಮೇಜಿನಾಟದ ನಿಯಮಗಳ ಬೇರೆ ಬೇರೆ ಆವೃತ್ತಿಗಳು.

ಮೊದಲ ಭಾಗ ಐದು ಸಿಡಿಗಳಲ್ಲಿ ಬರುತ್ತಿತ್ತು. ಮಹಡಿಯ ಮೇಲಿಂದ ಓರೆಯಾಗಿ ಅಂಗಳ ನೋಡಿದಂತೆ ಅದರ ನೋಟ. ಮೊದಲೇ ರಚಿಸಿಟ್ಟ ಚಿತ್ರಗಳ ಮೇಲೆ ಆರು ಮಂದಿಯ ತಂಡ ಇರುವೆಗಳಂತೆ ಸರಿದಾಡುತ್ತದೆ. ಮುಖಗಳೆಲ್ಲ ಬದಿಯ ಪುಟ್ಟ ಚೌಕಟ್ಟುಗಳಲ್ಲಿ. ಮಾತಿನ ಅಲ್ಪ ಭಾಗ ಮಾತ್ರ ಧ್ವನಿಯಲ್ಲಿ ಕೇಳುತ್ತದೆ, ಮಿಕ್ಕದ್ದನ್ನು ಓದಿಕೊಳ್ಳಬೇಕು. ಕಾಳಗ ತಡೆಯಿಲ್ಲದೆ ನಡೆಯುತ್ತದೆ, ಬೇಕೆಂದಲ್ಲಿ ನಿಲ್ಲಿಸಿ ಅಪ್ಪಣೆ ಕೊಡಬಹುದು. ದಾಳ ಒಳಗೆಲ್ಲೋ ಉರುಳುತ್ತದೆ. ಕವಚದ ಅಂಕ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು, ಸೊನ್ನೆಗಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು ಎಂಬಂಥ ಲೆಕ್ಕಗಳನ್ನು ಕೈಪಿಡಿ ಓದದೆ ಹೊಸಬರು ಅರಿಯುವಂತಿರಲಿಲ್ಲ. ಸಂಗಾತಿಯೊಬ್ಬ ಭೀಕರ ಏಟಿಗೆ ಛಿದ್ರವಾದರೆ ಮತ್ತೆ ಬದುಕಿಸಲಾಗದು.

ಮೂರನೆಯ ಭಾಗದಲ್ಲಿ ಕ್ಯಾಮೆರಾ ಮಹಡಿಯಿಂದ ಇಳಿದು ಎದುರು ಕುಳಿತಿದೆ. ಸಂಗಾತಿಯ ಹುಬ್ಬು ಗಂಟಿಕ್ಕುವುದು, ಸುಳ್ಳು ಹೇಳುವಾಗ ಕಣ್ಣು ಜಾರುವುದು ಕಾಣುತ್ತದೆ. ಮಾತೆಲ್ಲ ಧ್ವನಿಯಲ್ಲಿದೆ, ಅದಕ್ಕಾಗಿ 248 ನಟನಟಿಯರು ದುಡಿದಿದ್ದಾರೆ. ದೃಶ್ಯಗಳ ಒಟ್ಟು ಉದ್ದ 174 ಗಂಟೆ ಎಂದು ತಯಾರಕರು ಹೇಳಿದ್ದರು. ಕೊನೆಗೊಳ್ಳುವ ಬಗೆಗಳು 17,000 ಎಂಬ ಅಂಕಿಯೂ ಆಗ ಹರಿದಾಡಿತು. ಅಷ್ಟು ಪ್ರತ್ಯೇಕ ಕಥಾಂತ್ಯಗಳಿವೆ ಎಂದು ತಿಳಿಯಬಾರದು, ಯಾರು ಬದುಕಿದರು, ಯಾರು ಜೊತೆಗಿದ್ದರು ಎಂಬ ಸಣ್ಣಪುಟ್ಟ ವ್ಯತ್ಯಾಸಗಳೆಲ್ಲ ಆ ಲೆಕ್ಕದೊಳಗಿವೆ. ತಂಡ ಆರರಿಂದ ನಾಲ್ಕಕ್ಕೆ ಇಳಿದಿದೆ. ಕಾಳಗ ಸರದಿಯಂತೆ ನಡೆಯುತ್ತದೆ.

ಇಷ್ಟನ್ನೇ ನೋಡಿದರೆ ತಾಳಮದ್ದಳೆ ಕಿರೀಟ ಕಟ್ಟಿ ರಂಗಸ್ಥಳದ ಆಟವಾದ ಕಥೆಯಂತೆ ಕಾಣುತ್ತದೆ: ಮಾತಿನಲ್ಲಿದ್ದದ್ದೆಲ್ಲ ವೇಷವಾಯಿತು, ಬಣ್ಣವಾಯಿತು. ಆದರೆ ಈ ಆಟದ ಹಿರಿಮೆ ಬೇರೆಡೆ ಇದೆ. ಇಪ್ಪತ್ತು ಮುಖದ ದಾಳ ಈಗ ತೆರೆಯ ನಡುವೆ, ಎಲ್ಲರ ಕಣ್ಣೆದುರು ಉರುಳುತ್ತದೆ. ಕಥೆ ಹೇಳುವ ಹೆಂಗಸಿನ ದನಿಯೊಂದು ಆಡುವವರನ್ನು ನೇರವಾಗಿ ಉದ್ದೇಶಿಸಿ ಮಾತಾಡುತ್ತದೆ; ಮೇಜಿನ ತುದಿಯ ಡಂಜನ್ ಮಾಸ್ಟರ್, ನಮ್ಮ ಮಟ್ಟಿಗೆ ಭಾಗವತರು, ಮತ್ತೆ ಬಂದು ಕುಳಿತಂತೆ. ದಾಳ ಕೆಟ್ಟದಾಗಿ ಬಿದ್ದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ಇನ್ನೊಂದು ಹಾದಿ ಹಿಡಿಯುತ್ತದೆ. ಬೀಗ ತೆರೆಯದಿದ್ದರೆ ಬಾಗಿಲು ಒಡೆಯಬಹುದು, ಸತ್ತವನನ್ನು ಮಂತ್ರದಿಂದ ಮಾತಾಡಿಸಿ ಗುಟ್ಟು ಕೇಳಬಹುದು, ಪ್ರಾಣಿಗಳ ಭಾಷೆ ಕಲಿತು ನಾಯಿ, ಎತ್ತುಗಳಿಂದ ಸುದ್ದಿ ತಿಳಿಯಬಹುದು. ನೀರು ಚೆಲ್ಲಿದ ನೆಲಕ್ಕೆ ಮಿಂಚು ಹರಿಸಿದರೆ ಅಲ್ಲಿ ನಿಂತವರೆಲ್ಲರಿಗೂ ಅದು ತಗಲುತ್ತದೆ. ಎಣ್ಣೆ ಚೆಲ್ಲಿದಲ್ಲಿ ಕಿಡಿ ಸಾಕು. ಲಾರಿಯನ್ ಈ ಪಾಠವನ್ನು ತನ್ನದೇ ಹಿಂದಿನ ಆಟ 'ಡಿವಿನಿಟಿ: ಒರಿಜಿನಲ್ ಸಿನ್'ನಲ್ಲಿ (2014) ಪಳಗಿಸಿಕೊಂಡಿತ್ತು. 1998ರ ಆಟ ಮೇಜಿನಾಟದ ಲೆಕ್ಕಗಳನ್ನು ನಿಷ್ಠೆಯಿಂದ ಯಂತ್ರಕ್ಕೆ ಇಳಿಸಿತ್ತು. 2023ರ ಆಟ ಮೇಜಿನ ಸುತ್ತಲಿನ ಸ್ವಾತಂತ್ರ್ಯವನ್ನೂ ಇಳಿಸಲು ಹೊರಟಿತು. ಈ ಒಂದು ವಿಷಯದಲ್ಲಿ ಮೊಮ್ಮಗ ಅಜ್ಜನಿಗಿಂತ ಮುತ್ತಜ್ಜನನ್ನು ಹೆಚ್ಚು ಹೋಲುತ್ತಾನೆ.

ಎಲ್ಲ ವಂಶಗಳಲ್ಲೂ ಹೀಗಾಗಿಲ್ಲ. ಬಯೋವೇರ್ ಸಂಸ್ಥೆಯದೇ 'ಡ್ರ್ಯಾಗನ್ ಏಜ್: ಒರಿಜಿನ್ಸ್' (2009) ಆಡುವವರಿಗೆ ಆರು ಬೇರೆ ಬೇರೆ ಹುಟ್ಟುಕಥೆಗಳನ್ನು ಕೊಟ್ಟು, ಮೂವರು ಸಂಗಾತಿಗಳನ್ನೂ ನೇರವಾಗಿ ನಡೆಸಲು ಬಿಡುತ್ತಿತ್ತು. ಅದೇ ಸರಣಿಯ 2024ರ 'ದಿ ವೇಲ್‌ಗಾರ್ಡ್'ನಲ್ಲಿ ಸಂಗಾತಿಗಳು ಇಬ್ಬರೇ. ಅವರ ವಿದ್ಯೆಗಳನ್ನು ಪ್ರಯೋಗಿಸಲು ಹೇಳಬಹುದೇ ಹೊರತು ಅವರನ್ನು ನಡೆಸುವಂತಿಲ್ಲ. ಹಿಂದಿನ ಆಟಗಳಲ್ಲಿ ತೆಗೆದುಕೊಂಡ ತೀರ್ಮಾನಗಳಲ್ಲಿ ಮೂರನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಕಾಳಗ ಚುರುಕಾಗಿದೆ, ನೋಟ ಸೊಗಸಾಗಿದೆ. ಹದಿನೈದು ವರ್ಷ ಆ ಲೋಕದ ಜೊತೆ ಬಾಳಿದವರಿಗೆ ತಮ್ಮ ಹಳೆಯ ನಿರ್ಧಾರಗಳ ಗುರುತು ಅಳಿಸಿಹೋದದ್ದು ನಿಜವಾದ ನಷ್ಟ.

ಎರಡನೆಯ ದೊಡ್ಡ ವಂಶ 'ಎಲ್ಡರ್ ಸ್ಕ್ರೋಲ್ಸ್'. ಇಲ್ಲಿ ತಂಡವಿಲ್ಲ, ಒಬ್ಬಂಟಿ ಪಾತ್ರ, ಮನಬಂದತ್ತ ಅಲೆಯಲು ಒಂದು ನಾಡು. ಆ ನಾಡಿನ ವಿಸ್ತಾರವೇ ಒಂದು ಕಥೆ ಹೇಳುತ್ತದೆ. ಈ ಸರಣಿಯ 1996ರ 'ಡ್ಯಾಗರ್‌ಫಾಲ್' ಸುಮಾರು 1,61,600 ಚದರ ಕಿಲೋಮೀಟರ್ ಎಂದು ಹೇಳಲಾಗುತ್ತದೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಅಂದರೆ ಹೆಚ್ಚುಕಡಿಮೆ ನಮ್ಮ ರಾಜ್ಯದಷ್ಟು ನೆಲ. ಅದನ್ನು ಕೈಯಿಂದ ಕಟ್ಟಿದವರಿಲ್ಲ. ಲೆಕ್ಕದ ಸೂತ್ರಗಳಿಂದ ಯಂತ್ರವೇ ಊರುಗಳನ್ನು ಎರಕ ಹೊಯ್ದದ್ದು. ಹಾಗಾಗಿ ಸಾವಿರಾರು ಊರುಗಳಿದ್ದರೂ ಒಂದಕ್ಕೂ ಇನ್ನೊಂದಕ್ಕೂ ಹೆಚ್ಚಿನ ಭೇದವಿಲ್ಲ. 2011ರ 'ಸ್ಕೈರಿಮ್' ಅಂದಾಜು 37 ಚದರ ಕಿಲೋಮೀಟರ್. ಪುಣೆಯ ಪೂರ್ವ ಭಾಗದ ಖರಾಡಿಯ ಐಟಿ ಪಾರ್ಕುಗಳಿಂದ ಪುಣೆ ರೈಲು ನಿಲ್ದಾಣಕ್ಕೆ ಹತ್ತು ಕಿಲೋಮೀಟರ್ ಆಸುಪಾಸು. 'ಸ್ಕೈರಿಮ್'ನ ಇಡೀ ರಾಜ್ಯವನ್ನು ಚೌಕವಾಗಿ ಮಡಿಸಿದರೆ ಒಂದು ಅಂಚು ಆರು ಕಿಲೋಮೀಟರ್ ಚಿಲ್ಲರೆ, ಅಷ್ಟೂ ದೂರವಾಗುವುದಿಲ್ಲ. ಆದರೂ ಆಡುವವರ ಮನಸ್ಸಿನಲ್ಲಿ ದೊಡ್ಡದಾಗಿ ಉಳಿದಿರುವುದು 'ಸ್ಕೈರಿಮ್'. ಪ್ರತಿ ಗುಡ್ಡದ ತಿರುವಿನಲ್ಲಿ ಯಾರೋ ಕುಳಿತು ಇಟ್ಟ ಕಲ್ಲು, ಗುಹೆ, ಹೆಣ, ಡೈರಿ ಇದೆ. ನಾಡು ಕುಗ್ಗಿತು, ಅದರ ಸಾಂದ್ರತೆ ಹೆಚ್ಚಿತು.

ಈ ಸರಣಿಯಲ್ಲಿ ಹಳೆಯದು ಹೊಸದರ ನಡುವಿನ ಗೆರೆ ಸ್ಪಷ್ಟವಾಗಿ ಬೀಳುವುದು 2002ರ 'ಮಾರೋವಿಂಡ್' ಮತ್ತು 2006ರ 'ಒಬ್ಲಿವಿಯನ್' ನಡುವೆ. ನಾಲ್ಕೇ ವರ್ಷಗಳ ಅಂತರ. 'ಮಾರೋವಿಂಡ್'ನಲ್ಲಿ ಯಾರಾದರೂ ಒಂದು ಕೆಲಸ ಒಪ್ಪಿಸಿದರೆ ದಾರಿಯನ್ನು ಬಾಯಲ್ಲಿ ಹೇಳುತ್ತಾರೆ: ಸೇತುವೆ ದಾಟಿ, ಹೊಳೆಯ ಗುಂಟ ಹೋಗಿ, ಕವಲಿನಲ್ಲಿ ಬಲಕ್ಕೆ ತಿರುಗಿ, ಗುಡ್ಡದ ಹಿಂದೆ ನೋಡು ಎಂಬಂತೆ. ಹಳ್ಳಿಯಲ್ಲಿ ಮನೆ ಹುಡುಕುವವರಿಗೆ ಕಟ್ಟೆಯ ಮೇಲಿದ್ದವರು ಹೇಳುವ ಹಾಗೆ. ಅದು ದಿನಚರಿಯಲ್ಲಿ ದಾಖಲಾಗುತ್ತದೆ. ಮಿಕ್ಕದ್ದು ನೋಡಿ, ತಪ್ಪಿ, ಹಿಂದಿರುಗಿ ಹುಡುಕುವವರ ಪಾಡು. ದೂರದ ಊರಿಗೆ ಹೋಗಲು ಸಿಲ್ಟ್ ಸ್ಟ್ರೈಡರ್ ಎಂಬ ಬೃಹತ್ ಕೀಟದ ಬೆನ್ನೇರಬೇಕು. ಅದು ಎಸ್‌ಟಿ ಬಸ್ಸಿನಂತೆ ಗೊತ್ತಾದ ಊರುಗಳ ನಡುವೆ ಮಾತ್ರ ಓಡಾಡುತ್ತದೆ. ಅದು ತಲುಪದ ಕಡೆಗೆ ಹಡಗು, ಇಲ್ಲವೇ ಕಾಲ್ನಡಿಗೆ. 'ಒಬ್ಲಿವಿಯನ್'ನಲ್ಲಿ ಎಲ್ಲರೂ ಧ್ವನಿಯಲ್ಲಿ ಮಾತಾಡತೊಡಗಿದರು. ಧ್ವನಿಮುದ್ರಣಕ್ಕೆ ಖರ್ಚಿದೆ, ಜಾಗ ಬೇಕು. ಆದ್ದರಿಂದ ಮಾತು ಚಿಕ್ಕದಾಯಿತು, ದಾರಿ ಹೇಳುವ ವಿವರ ಉದುರಿತು. ಅದರ ಜಾಗಕ್ಕೆ ದಿಕ್ಸೂಚಿಯ ಮೇಲೊಂದು ಬಾಣದ ಗುರುತು ಬಂತು. ಗುರುತಿನತ್ತ ನಡೆದರೆ ಸಾಕು, ಗುಡ್ಡ ಯಾವುದು ಹೊಳೆ ಯಾವುದು ಎಂದು ನೋಡುವ ಅಗತ್ಯವಿಲ್ಲ. ಭೂಪಟ ಮುಟ್ಟಿದರೆ ದೊಡ್ಡ ಪಟ್ಟಣಗಳನ್ನೂ ಒಮ್ಮೆ ಕಂಡ ಜಾಗಗಳನ್ನೂ ಕ್ಷಣದಲ್ಲಿ ಸೇರಬಹುದು. ಕೆಲಸ ಮುಗಿಸಿ ಬಂದು ರಾತ್ರಿ ಒಂದು ತಾಸು ಆಡುವವರಿಗೆ ಇದು ದೊಡ್ಡ ಉಪಕಾರವೇ. ಆದರೆ ದಾರಿ ಕಂಡುಹಿಡಿಯುವುದು ಆಟದ ಒಂದು ಭಾಗವಾಗಿತ್ತು ಎಂಬುದು ಅದು ಹೋದ ಮೇಲೆಯೇ ಬಹಳ ಜನರಿಗೆ ತಿಳಿದದ್ದು.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂತು. 'ಮಾರೋವಿಂಡ್'ನಲ್ಲಿ ಕಥೆಗೆ ಅತ್ಯಗತ್ಯವಾದ ವ್ಯಕ್ತಿಯನ್ನು ಕೊಂದರೆ, ವಿಧಿಯ ಎಳೆ ಕಡಿದುಹೋಯಿತು ಎಂಬ ಅರ್ಥದ ಎಚ್ಚರಿಕೆ ಬರುತ್ತದೆ. ಆದರೂ ಆ ಹಾಳಾದ ಲೋಕದಲ್ಲಿ ಮುಂದುವರಿಯಲು ಅಡ್ಡಿಯಿಲ್ಲ. 'ಒಬ್ಲಿವಿಯನ್' ಮತ್ತು 'ಸ್ಕೈರಿಮ್'ಗಳಲ್ಲಿ ಅಂಥವರು ಸಾಯುವುದೇ ಇಲ್ಲ. ಏಟು ತಿಂದು ಬಿದ್ದು, ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುತ್ತಾರೆ. ಕಥೆ ಸುರಕ್ಷಿತ, ಆಯ್ಕೆಯ ತೂಕ ಕಡಿಮೆ. 'ಬಾಲ್ಡರ್ಸ್ ಗೇಟ್ 3' ಮತ್ತೆ ಹಳೆಯ ದಾರಿ ಹಿಡಿಯಿತು: ಬಹುತೇಕ ಯಾರನ್ನು ಬೇಕಾದರೂ ಕೊಲ್ಲಬಹುದು, ಅವರಿಲ್ಲದ ಕಥೆಯನ್ನು ಆಟ ಹೇಗೋ ಕಟ್ಟಿಕೊಳ್ಳುತ್ತದೆ. ಬಿಡುಗಡೆಯಾದ ಕೆಲವು ತಿಂಗಳಿಗೆ ಸೇರಿಸಿದ 'ಆನರ್ ಮೋಡ್'ನಲ್ಲಿ ಉಳಿಸಿಡಲು ಒಂದೇ ದಾಖಲೆ. ತಂಡ ಪೂರ್ತಿ ಸತ್ತರೆ ಆ ಯಾತ್ರೆ ಮುಗಿದಂತೆ. ಅದು 1981ರ ಫ್ಲಾಪಿಯ ಕಾಠಿಣ್ಯವೇ.

'ಒಬ್ಲಿವಿಯನ್' ಇನ್ನೊಂದು ಕಾರಣಕ್ಕೂ ನೆನಪಿನಲ್ಲಿದೆ. 2006ರ ಏಪ್ರಿಲಿನಲ್ಲಿ ಅದರ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಬೇರೆಯಾಗಿ ಮಾರಲಾಯಿತು. ಆಗ ಆಟಗಾರರು ಸಿಟ್ಟಾದರು. ಈಗ ಅಂಥ ಬಿಡಿ ಮಾರಾಟ ಉದ್ಯಮದ ದೊಡ್ಡ ಭಾಗದ ಜೀವನಾಧಾರವಾಗಿದೆ. ಪೆಟ್ಟಿಗೆ ಕೊಂಡರೆ ಆಟ ಪೂರ್ತಿ ಸಿಕ್ಕಿತೆಂಬ ಹಳೆಯ ಭರವಸೆ ಸಡಿಲವಾಗಲು ಆ ಕುದುರೆಯ ಕವಚದ ಕಾಲದಿಂದಲೇ ಶುರುವಾಯಿತು ಎನ್ನಬೇಕು. 2025ರ ಏಪ್ರಿಲಿನಲ್ಲಿ 'ಒಬ್ಲಿವಿಯನ್' ಮತ್ತೆ ಹೊಸ ರೂಪದಲ್ಲಿ ಬಂತು. ಒಳಗೆ ನಿಯಮ, ಲೆಕ್ಕ, ಜನರ ನಡವಳಿಕೆ ನಡೆಸುವುದು ಹಳೆಯ ಎಂಜಿನ್. ಹೊರಗೆ ಬೆಳಕು, ಕಲ್ಲು, ಎಲೆ ತೋರಿಸುವುದು ಹೊಸ ಅನ್‌ರಿಯಲ್ 5 ಎಂಜಿನ್. ಪಾತ್ರ ಬೆಳೆಯುವ ಕ್ರಮವನ್ನು ತಿದ್ದಿದರು. ಹಳೆಯ ಮೈಗೆ ಹೊಸ ಚರ್ಮ ಹೊದಿಸಿದಾಗ ಜನ ಮೆಚ್ಚಿ ಆಡಿದರು ಎಂದರೆ, ಆ ಮೈಯಲ್ಲಿ ಇನ್ನೂ ಜೀವವಿತ್ತು.

ಬಾಣದ ಗುರುತಿನ ಕಾಲದಲ್ಲಿ ಅದಕ್ಕೆ ಬೆನ್ನು ತಿರುಗಿಸಿ ಗೆದ್ದ ಆಟವೂ ಇದೆ. ಜಪಾನಿನ ಫ್ರಾಮ್‌ಸಾಫ್ಟ್‌ವೇರ್ ಸಂಸ್ಥೆಯ ಹಿಡೆತಾಕಾ ಮಿಯಾಝಾಕಿ 2009ರ 'ಡೀಮನ್ಸ್ ಸೋಲ್ಸ್', 2011ರ 'ಡಾರ್ಕ್ ಸೋಲ್ಸ್'ಗಳಲ್ಲಿ ಮೌನವನ್ನೇ ಶೈಲಿಯಾಗಿಸಿದರು. 2022ರ ಫೆಬ್ರವರಿಯಲ್ಲಿ ಬಂದ 'ಎಲ್ಡನ್ ರಿಂಗ್' ಆ ಮೌನವನ್ನು ವಿಶಾಲ ಬಯಲಿಗೆ ತಂದಿತು. ಅದರ ಲೋಕದ ಪುರಾಣಕ್ಕೆ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಳಹದಿ ಹಾಕಿದ್ದರು. ಮಾಡಬೇಕಾದ ಕೆಲಸಗಳ ಪಟ್ಟಿ ಅದರಲ್ಲಿಲ್ಲ. ಎದುರಾದವರು ಅರ್ಧ ಮಾತಾಡಿ ಮರೆಯಾಗುತ್ತಾರೆ. ಅವರು ಎಲ್ಲಿಗೆ ಹೋದರೆಂದು ನೆನಪಿಟ್ಟು ಹುಡುಕುವುದು ಆಡುವವರ ಪಾಲು. ಕಥೆಯ ಚೂರುಗಳು ಒಂದು ಉಂಗುರದ ವಿವರಣೆಯಲ್ಲಿ, ಒಡೆದ ವಿಗ್ರಹದಲ್ಲಿ ಸಿಗುತ್ತವೆ. ಇಷ್ಟು ಕಟುವಾದ ಆಟ 3 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ನೋಟ್‌ಪುಸ್ತಕ ಹಿಡಿದು ಆಡುವ ಹಳೆಯ ಅಭ್ಯಾಸ ಇದರಿಂದ ಹೊಸ ತಲೆಮಾರಿಗೂ ದಾಟಿತು. ಹೊಸಬರಿಗೆ ಕಷ್ಟ ಬೇಡ ಎಂಬ ನಂಬಿಕೆ ಎಷ್ಟು ಪೊಳ್ಳಾಗಿತ್ತೆಂದು ಉದ್ಯಮಕ್ಕೂ ತಿಳಿಯಿತು.

ಆಟ ಬೆಳೆದಂತೆ ಅದರ ಭಾರವೂ ಬೆಳೆಯಿತು. 'ಬಾಲ್ಡರ್ಸ್ ಗೇಟ್ 3' ಕಂಪ್ಯೂಟರಿನಲ್ಲಿ 150 ಗಿಗಾಬೈಟ್ ಜಾಗ ಕೇಳುತ್ತದೆ. 'ವಿಝರ್ಡ್ರಿ' ಕಾಲದ ಫ್ಲಾಪಿಗಳಲ್ಲಿ ಅದನ್ನು ತುಂಬಲು ಹೋದರೆ ಹತ್ತು ಲಕ್ಷಕ್ಕೂ ಹೆಚ್ಚು ಮಗ್ಗುಲು ಬೇಕು. ಖರಾಡಿಯ ಫ್ಲ್ಯಾಟೊಂದರಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ವೇಗದ ಬ್ರಾಡ್‌ಬ್ಯಾಂಡ್ ಇದ್ದರೂ ಅದನ್ನು ಇಳಿಸಿಕೊಳ್ಳಲು ಮೂರು ಗಂಟೆಯ ಮೇಲೆ ಬೇಕು. ಆಡಲು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. 'ವಿಝರ್ಡ್ರಿ'ಯನ್ನು ಇಬ್ಬರು ಬರೆದರು. 'ಸ್ಕೈರಿಮ್'ಗೆ ನೂರರ ಸುಮಾರಿನ ತಂಡ ಸಾಕಾಯಿತು. 'ಬಾಲ್ಡರ್ಸ್ ಗೇಟ್ 3'ಕ್ಕೆ ಹಲವು ದೇಶಗಳ ನೂರಾರು ಮಂದಿ ಆರು ವರ್ಷದಷ್ಟು ದುಡಿದರು. ಇಷ್ಟು ಹಣ ಸುರಿದ ಮೇಲೆ ಸೋಲುವ ಧೈರ್ಯ ಕಡಿಮೆಯಾಗುತ್ತದೆ, ಎರಡು ಆಟಗಳ ನಡುವಿನ ಅಂತರ ಹಿಗ್ಗುತ್ತದೆ. 'ಸ್ಕೈರಿಮ್'ನ ಮುಂದಿನ ಭಾಗವನ್ನು ಘೋಷಿಸಿದ್ದು 2018ರಲ್ಲಿ; ಎಷ್ಟೋ ವರ್ಷ ಕಳೆದರೂ ಕಾಯುವವರು ಕಾಯುತ್ತಲೇ ಇದ್ದಾರೆ. ಈ ಭಾರಕ್ಕೆ ಉತ್ತರವಾಗಿ ಚಿಕ್ಕ ತಂಡಗಳೂ ಎದ್ದವು. 2012ರಲ್ಲಿ ಅಬ್ಸಿಡಿಯನ್ ಸಂಸ್ಥೆ ಹಳೆಯ ಓರೆನೋಟದ ಆಟವೊಂದಕ್ಕಾಗಿ ಅಭಿಮಾನಿಗಳಿಂದಲೇ ಸುಮಾರು 40 ಲಕ್ಷ ಡಾಲರ್ ವಂತಿಗೆ ಎತ್ತಿ, 2015ರಲ್ಲಿ 'ಪಿಲ್ಲರ್ಸ್ ಆಫ್ ಇಟರ್ನಿಟಿ' ಕೊಟ್ಟಿತು. 2025ರಲ್ಲಿ ಫ್ರಾನ್ಸಿನ ಒಂದು ಪುಟ್ಟ ಸ್ಟುಡಿಯೊ, ಸರದಿಯ ಕಾಳಗದ ಹಳೆಯ ಕ್ರಮವನ್ನೇ ಉಳಿಸಿಕೊಂಡ 'ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33'ರಿಂದ ವರ್ಷದ ಅತ್ಯುತ್ತಮ ಆಟದ ಪ್ರಶಸ್ತಿ ಗೆದ್ದಿತು.

ಪುಣೆಗೂ ಈ ಕಥೆಯಲ್ಲಿ ಪಾಲಿದೆ. ಇಲ್ಲಿನ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 'ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್' ಎಂಬ ಆಟವನ್ನು 2020ರ ಆಗಸ್ಟಿನಲ್ಲಿ ಹೊರತಂದಿತು. 2017ರಲ್ಲಿ ಸಾರ್ವಜನಿಕರಿಂದ ವಂತಿಗೆ ಎತ್ತಲು ನೋಡಿ ಸಾಧ್ಯವಾಗದಿದ್ದರೂ ತಂಡ ಬಿಡಲಿಲ್ಲ. ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಡುವ ಅಕ್ಕ ರಾಜಿಯ ಕಥೆ ಅದು. ದುರ್ಗೆ ಮತ್ತು ವಿಷ್ಣು ಕಥೆ ನಿರೂಪಿಸುತ್ತಾರೆ. ಪಹಾಡಿ ಚಿತ್ರಶೈಲಿಯ ಬಣ್ಣ, ನಡುನಡುವೆ ನೆರಳು ಬೊಂಬೆಗಳ ದೃಶ್ಯಗಳು. ತೊಗಲು ಬೊಂಬೆಯಾಟ ಕಂಡ ಕನ್ನಡಿಗರಿಗೆ ಆ ಭಾಗ ಮನೆಯದೇ ಅನ್ನಿಸುವಂತಿದೆ. ಅಂಕಿಗಳ ಲೆಕ್ಕ, ಕವಲೊಡೆಯುವ ಕಥೆ ಇಲ್ಲದ್ದರಿಂದ ಇದು ಪೂರ್ಣಾರ್ಥದ ಆರ್‌ಪಿಜಿ ಅಲ್ಲ, ಸಾಹಸದಾಟ. ಆದರೂ ಫ್ಯಾಂಟಸಿ ಎಂದರೆ ಯುರೋಪಿನ ಕೋಟೆ, ಎಲ್ಫ್, ಡ್ರ್ಯಾಗನ್ ಎಂದೇ ನಾಲ್ಕು ದಶಕ ನಡೆದುಬಂದ ರೂಢಿಯ ಎದುರು ಇದು ದಿಟ್ಟ ಹೆಜ್ಜೆ. ಆ ವರ್ಷದ 'ದಿ ಗೇಮ್ ಅವಾರ್ಡ್ಸ್'ನಲ್ಲಿ ಚೊಚ್ಚಲ ಆಟಗಳ ವಿಭಾಗಕ್ಕೆ ಇದು ನಾಮನಿರ್ದೇಶನಗೊಂಡಿತ್ತು.

ಹಳೆಯದನ್ನು ಹೊಸದಾಗಿಸುವ ಕಷ್ಟವನ್ನೂ ಪುಣೆ ಕಂಡಿದೆ. ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೊಗಳು 2003ರ 'ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್' ಎಂಬ ಫ್ಯಾಂಟಸಿ ಸಾಹಸದಾಟವನ್ನು ಮತ್ತೆ ಕಟ್ಟುತ್ತಿವೆ ಎಂದು 2020ರ ಸೆಪ್ಟೆಂಬರಿನಲ್ಲಿ ಘೋಷಣೆಯಾಯಿತು. ಭಾರತದ ಸ್ಟುಡಿಯೊಗಳಿಗೆ ಮುಂದಾಳುತನ ಸಿಕ್ಕಿದ್ದು ಸಣ್ಣ ಮಾತಲ್ಲ. ಮೊದಲ ತುಣುಕಿನ ಚಿತ್ರ ಗುಣಮಟ್ಟಕ್ಕೆ ಟೀಕೆ ಬಂದು ಬಿಡುಗಡೆ ಮುಂದೆ ಹೋಯಿತು. 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ವರ್ಗವಾಯಿತು. ಜನರ ನೆನಪಿನಲ್ಲಿ ಹಳೆಯ ಆಟ ಇದ್ದದ್ದಕ್ಕಿಂತ ಸುಂದರವಾಗಿರುತ್ತದೆ. ಮರುಸೃಷ್ಟಿ ಸ್ಪರ್ಧಿಸಬೇಕಾದದ್ದು ಆ ನೆನಪಿನ ಜೊತೆ. ಇತ್ತ ಭಾರತೀಯ ಪುರಾಣದ ನೆಲೆಯಲ್ಲಿ ದೊಡ್ಡ ಆರ್‌ಪಿಜಿ ಕಟ್ಟುವ ಪ್ರಯತ್ನವೂ ನಡೆದಿದೆ: ಲೇಖಕ ಅಮಿಶ್ ತ್ರಿಪಾಠಿ, ನಟ ಅಮಿತಾಭ್ ಬಚ್ಚನ್ ಜೊತೆಗೂಡಿರುವ ತಾರಾ ಗೇಮಿಂಗ್ ಸಂಸ್ಥೆ 'ದಿ ಏಜ್ ಆಫ್ ಭಾರತ್' ಎಂಬ ಆಟವನ್ನು ಘೋಷಿಸಿದೆ.

ಭಾಷೆಯ ಮಾತು ಇಲ್ಲಿ ಬರಲೇಬೇಕು. ಹಳೆಯ ಆರ್‌ಪಿಜಿಗಳು ಓದುವವರ ಆಟಗಳಾಗಿದ್ದವು. 1999ರ 'ಪ್ಲೇನ್‌ಸ್ಕೇಪ್: ಟಾರ್ಮೆಂಟ್'ನಲ್ಲಿ ಸುಮಾರು ಎಂಟು ಲಕ್ಷ ಪದಗಳಿವೆ, ಹಲವು ಕಾದಂಬರಿಗಳಷ್ಟು ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರಿಗೆ ಆ ಬಾಗಿಲು ಅರ್ಧ ಮುಚ್ಚಿದಂತೆಯೇ. ಧ್ವನಿ ತುಂಬಿದ ಹೊಸ ಆಟಗಳು ಕೇಳಿ, ಮುಖ ನೋಡಿ ಅರ್ಥಮಾಡಿಕೊಳ್ಳಲು ಕೊಂಚ ಎಡೆ ಕೊಟ್ಟಿವೆ. ಆದರೂ 'ಬಾಲ್ಡರ್ಸ್ ಗೇಟ್ 3' ದೊರೆಯುವ ಭಾಷೆಗಳಲ್ಲಿ ಪೋಲಿಷ್, ಟರ್ಕಿಷ್, ಉಕ್ರೇನಿಯನ್ ಇವೆ. ಭಾರತದ ಒಂದು ಭಾಷೆಯೂ ಇಲ್ಲ. ಪೋಲೆಂಡಿನ ಉದಾಹರಣೆ ಇಲ್ಲಿ ಗಮನಿಸಬೇಕಾದದ್ದು. ಸಿಡಿ ಪ್ರಾಜೆಕ್ಟ್ ಎಂಬ ಅಲ್ಲಿನ ಸಂಸ್ಥೆ ಆಟಗಳನ್ನು ತರಿಸಿ ಮಾರುತ್ತಿತ್ತು. ಮೊದಲ 'ಬಾಲ್ಡರ್ಸ್ ಗೇಟ್'ಅನ್ನು ಅದು ಪೋಲಿಷ್ ಭಾಷೆಗೆ ತಂದು, ಅಲ್ಲಿನ ಹೆಸರಾಂತ ನಟರಿಂದ ಮಾತಾಡಿಸಿತು; ಜನ ಮುಗಿಬಿದ್ದು ಕೊಂಡರು. ಆ ಧೈರ್ಯದ ಮೇಲೆ ಅದು ತನ್ನದೇ ಆಟಕ್ಕೆ ಕೈಹಾಕಿತು. ತಮ್ಮ ದೇಶದ ಲೇಖಕ ಆಂದ್ಜೇಯ್ ಸಾಪ್ಕೊವ್ಸ್ಕಿಯ ಕಥೆಗಳನ್ನು ಆಧರಿಸಿ, ಬಯೋವೇರ್‌ನಿಂದ ಪಡೆದ ಎಂಜಿನ್ ಬಳಸಿ 2007ರಲ್ಲಿ 'ದಿ ವಿಚರ್' ತಂದಿತು; 2015ರ ಮೂರನೆಯ ಭಾಗ ಜಗತ್ತಿನ ಅತ್ಯುತ್ತಮ ಆರ್‌ಪಿಜಿಗಳಲ್ಲಿ ಒಂದೆನಿಸಿತು. ಅನುವಾದದಿಂದ ಆರಂಭಿಸಿ ಸ್ವಂತ ಪುರಾಣಕ್ಕೆ ತಲುಪಲು ಎಂಟು ವರ್ಷ ಹಿಡಿಯಿತು.

ಹಳೆಯ ಆಟಗಳನ್ನು ಈಗ ಆಡಿ ನೋಡುವುದು ಕಷ್ಟವೇನಿಲ್ಲ. 'ಡ್ಯಾಗರ್‌ಫಾಲ್'ಅನ್ನು ಅದರ ಸಂಸ್ಥೆ 2009ರಲ್ಲಿ ಉಚಿತವಾಗಿ ಬಿಟ್ಟುಕೊಟ್ಟಿತು. ಅಭಿಮಾನಿಗಳು ಅದನ್ನು ಇಂದಿನ ಕಂಪ್ಯೂಟರಿಗೆ ಒಗ್ಗಿಸಿದ್ದಾರೆ. ಮೊದಲ 'ಬಾಲ್ಡರ್ಸ್ ಗೇಟ್' 2012ರಿಂದ ತಿದ್ದಿದ ರೂಪದಲ್ಲಿ ಸಿಗುತ್ತಿದೆ, ಮೊಬೈಲಿನಲ್ಲೂ ಆಡಬಹುದು. ಇವಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಡ, ಕಚೇರಿಯ ಸಾಮಾನ್ಯ ಲ್ಯಾಪ್‌ಟಾಪ್ ಸಾಕು, ಬೇಕಾದದ್ದು ತಾಳ್ಮೆ. ಎಲ್ಲಕ್ಕೂ ಹಿರಿಯನಾದ 'ವಿಝರ್ಡ್ರಿ' 2024ರಲ್ಲಿ ಮೂರು ಆಯಾಮದ ಹೊಸ ಚಿತ್ರಗಳೊಂದಿಗೆ ಮರಳಿ ಬಂದಿದೆ. ಅದನ್ನು ಕಟ್ಟಿದವರು 1981ರ ಮೂಲ ಪ್ರೋಗ್ರಾಮನ್ನೇ ಒಳಗೆ ಉಳಿಸಿಕೊಂಡಿದ್ದಾರೆ. ದೀಪದ ಬೆಳಕು ಕಲ್ಲುಗೋಡೆಯ ಮೇಲೆ ಆಡುವ ಹೊಸ ನೆಲಮಾಳಿಗೆ ತೆರೆಯ ತುಂಬ ಹರಡಿರುವಾಗ, ಮೂಲೆಯ ಪುಟ್ಟ ಚೌಕದಲ್ಲಿ ಅದೇ ಹೆಜ್ಜೆ, ಅದೇ ಏಟು, ಆ್ಯಪಲ್ 2ರ ಹಳೆಯ ಗೆರೆಗಳಲ್ಲಿ ಜೊತೆಜೊತೆಗೇ ನಡೆಯುತ್ತಿರುತ್ತದೆ.